‘ಕಂದೌಲೆಸ್’ ಎಂಬ ಪದದ ಅರ್ಥವೇನು?

ನಮ್ಮ ಪ್ರೌಢಶಾಲೆಗಳ ಚರಿತ್ರೆಯ ಪಾಠದಲ್ಲಿ ಲಿಡಿಯಾ ದೇಶಕ್ಕೆ ಸಿಗುವ ಸ್ಥಳ ಹೆಚ್ಚೆಂದರೆ ಒಂದು ವಾಕ್ಯ. ಜಗತ್ತಿನಲ್ಲಿ ಮೊದಲಿಗೆ ನಾಣ್ಯಗಳನ್ನು ಟಂಕಿಸಿದವರು ಲಿಡಿಯನ್ನರು ಎಂದು ಬರೆಸಿ ಮುಂದಿನ ಪಾಠಕ್ಕೆ ಹೋಗುವುದು ವಾಡಿಕೆ. ನಿವೃತ್ತಿಯ ನಂತರ ನಿಧಾನವಾಗಿ ಓದುವ ಬಿಡುವು ದೊರೆತಾಗ, ನಾಣ್ಯಗಳನ್ನು ಕೊಟ್ಟ ಆ ಜನರು ಯಾವ ಭಾಷೆಯನ್ನಾಡುತ್ತಿದ್ದರು, ಆ ಭಾಷೆಯಲ್ಲಿ ಇಂದು ಏನು ಉಳಿದಿದೆ ಎಂಬ ಕುತೂಹಲ ನನ್ನಲ್ಲಿ ಹುಟ್ಟಿತು. ಆ ಓದಿನಲ್ಲಿ ಎದುರಾದ ಒಂದೇ ಒಂದು ಪದವನ್ನು ಕುರಿತು ಈ ಲೇಖನ. ಆ ಪದ ‘ಕಂದೌಲೆಸ್’.

ಇದಕ್ಕೆ ‘ನಾಯಿಯ ಕತ್ತು ಹಿಸುಕುವವನು’ ಎಂಬ ಅರ್ಥವನ್ನು ಅನೇಕ ಗ್ರಂಥಗಳು ಕೊಡುತ್ತವೆ. ಕೆಲವು ಗ್ರಂಥಗಳು ಇದನ್ನು ಊಹೆಯೆಂದು ಹೇಳಿದರೆ, ಮತ್ತೆ ಕೆಲವು ಸಿದ್ಧವಾದ ಸಂಗತಿಯೆಂಬಂತೆ ಹೇಳುತ್ತವೆ. ಈ ಅರ್ಥಕ್ಕೆ ಇರುವ ಆಧಾರ ಬಹಳ ತೆಳುವಾದದ್ದು ಎಂಬುದು ನನ್ನ ಅಭಿಪ್ರಾಯ. ಅಷ್ಟೇ ಅಲ್ಲ, ತೆಳುವಾದ ಎರಡು ಆಧಾರಗಳು ಒಂದಕ್ಕೊಂದು ಒರಗಿ ನಿಂತಾಗ ನೋಡುವವರ ಕಣ್ಣಿಗೆ ಗಟ್ಟಿಯಾದ ಗೋಡೆಯಂತೆ ಹೇಗೆ ಕಾಣುತ್ತವೆ ಎಂಬುದಕ್ಕೆ ಈ ಪದ ಒಳ್ಳೆಯ ಉದಾಹರಣೆ. ಆದುದರಿಂದ ಓದುಗ ಮಿತ್ರರು ಸ್ವಲ್ಪ ತಾಳ್ಮೆಯಿಂದ ಇದನ್ನು ಪರಾಂಬರಿಸಬೇಕೆಂದು ಕೋರುತ್ತೇನೆ.

ಮೊದಲಿಗೆ ಸ್ಥಳ ಮತ್ತು ಕಾಲವನ್ನು ನೋಡೋಣ. ಇಂದಿನ ತುರ್ಕಿಯ ಪಶ್ಚಿಮ ಭಾಗದಲ್ಲಿದ್ದ ರಾಜ್ಯ ಲಿಡಿಯಾ. ಅದರ ರಾಜಧಾನಿ ಸಾರ್ಡಿಸ್. ಅಲ್ಲಿ ಹರಿಯುವ ಪ್ಯಾಕ್ಟೋಲಸ್ ಎಂಬ ಹೊಳೆ ಚಿನ್ನದ ಕಣಗಳಿಗೆ ಪ್ರಸಿದ್ಧವಾಗಿತ್ತು. ಕ್ರಿ.ಪೂ. 546ರ ಸುಮಾರಿಗೆ ಪರ್ಷಿಯಾದ ಸೈರಸ್ ದೊರೆ ಲಿಡಿಯಾದ ಕಡೆಯ ಅರಸನಾದ ಕ್ರೀಸಸ್‌ನನ್ನು ಸೋಲಿಸಿ ಸಾರ್ಡಿಸನ್ನು ವಶಪಡಿಸಿಕೊಂಡನು. ರಾಜ್ಯ ಹೋದರೂ ಭಾಷೆ ಕೆಲವು ಶತಮಾನಗಳ ಕಾಲ ಉಸಿರಾಡಿತು. ಆದರೆ ಕ್ರಿಸ್ತಶಕದ ಆರಂಭದ ಹೊತ್ತಿಗೆ ಬರೆದ ಭೂಗೋಳಕಾರ ಸ್ಟ್ರಾಬೋ, ಲಿಡಿಯಾದಲ್ಲಿಯೇ ಲಿಡಿಯನ್ ಭಾಷೆಯ ಸುಳಿವಿಲ್ಲವೆಂದು ಹೇಳಿದ್ದಾನೆ. ಇಂದು ನಮ್ಮ ಕೈಯಲ್ಲಿರುವುದು ನೂರಕ್ಕಿಂತ ಸ್ವಲ್ಪ ಹೆಚ್ಚು ಶಾಸನಗಳು ಮಾತ್ರ. ಅವುಗಳಲ್ಲಿಯೂ ಎಷ್ಟೋ ಒಡೆದ ಕಲ್ಲಿನ ಚೂರುಗಳು.

ಈ ಶಾಸನಗಳನ್ನು ಓದಲು ದಾರಿ ತೆರೆದುಕೊಂಡದ್ದು 1912ರಲ್ಲಿ. ಅಮೆರಿಕದ ಹವರ್ಡ್ ಕ್ರಾಸ್ಬಿ ಬಟ್ಲರ್ ಅವರ ನೇತೃತ್ವದ ತಂಡಕ್ಕೆ ಸಾರ್ಡಿಸ್‌ನಲ್ಲಿ ಒಂದೇ ವಿಷಯವನ್ನು ಲಿಡಿಯನ್ ಮತ್ತು ಅರಮೇಯಿಕ್ ಎಂಬ ಎರಡು ಭಾಷೆಗಳಲ್ಲಿ ಕೆತ್ತಿದ ಕಲ್ಲು ಸಿಕ್ಕಿತು. ಎನ್ನೊ ಲಿಟ್ಮನ್ ಎಂಬ ಜರ್ಮನ್ ವಿದ್ವಾಂಸರು 1916ರಲ್ಲಿ ಅದನ್ನು ಪ್ರಕಟಿಸಿದರು. ಅದು ಒಂದು ಗೋರಿಯ ಶಾಸನ. ಈ ಗೋರಿಯನ್ನು ಹಾಳುಮಾಡುವವನ ಮನೆ, ಅಂಗಳ, ನೆಲ, ನೀರು, ಆಸ್ತಿ ಎಲ್ಲವನ್ನೂ ಎಫೆಸಸ್‌ನ ಆರ್ಟೆಮಿಸ್ ದೇವಿ ನಾಶಮಾಡಲಿ ಎಂಬ ಶಾಪ ಅದರಲ್ಲಿದೆ. ನಮ್ಮ ದಾನಶಾಸನಗಳ ಕೊನೆಯಲ್ಲಿ, ದತ್ತಿಯನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟಲಿ ಎಂದು ಬರೆಸುತ್ತಿದ್ದುದನ್ನು ಬಲ್ಲ ನಮಗೆ ಆ ಜನರ ಮನಸ್ಸು ಅಪರಿಚಿತವೆನಿಸದು. ಅರಮೇಯಿಕ್ ಗೊತ್ತಿದ್ದ ಭಾಷೆಯಾದ್ದರಿಂದ ‘ಬಿರ’ ಎಂದರೆ ಮನೆ, ‘ಕೋಫು’ ಎಂದರೆ ನೀರು ಎಂದು ಒಂದೊಂದಾಗಿ ಅರ್ಥಗಳು ಬಿಡಿಸಿಕೊಂಡವು. ಲಿಡಿಯನ್ ಭಾಷೆಯು ಹಿಟೈಟ್, ಲೂವಿಯನ್ ಮೊದಲಾದ ಅನತೋಲಿಯದ ಭಾಷೆಗಳ ಬಳಗಕ್ಕೆ ಸೇರಿದ್ದೆಂದು ಕ್ರಮೇಣ ಸ್ಪಷ್ಟವಾಯಿತು.

ಆದರೆ ‘ಕಂದೌಲೆಸ್’ ಎಂಬ ಪದ ನಮಗೆ ಬಂದಿರುವುದು ಲಿಡಿಯನ್ ಶಾಸನಗಳಿಂದಲ್ಲ, ಗ್ರೀಕರ ಮೂಲಕ. ಎಲ್ಲ ತೊಡಕೂ ಇಲ್ಲಿಂದಲೇ ಆರಂಭ.

ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ತನ್ನ ಗ್ರಂಥದ ಮೊದಲ ಭಾಗದಲ್ಲಿಯೇ ಕಂದೌಲೆಸ್ ಎಂಬ ಸಾರ್ಡಿಸ್‌ನ ಅರಸನ ಕಥೆಯನ್ನು ಹೇಳುತ್ತಾನೆ. ತನ್ನ ರಾಣಿಯ ಚೆಲುವಿನ ಬಗ್ಗೆ ಅತಿಯಾದ ಹೆಮ್ಮೆಯಿದ್ದ ಈ ಅರಸ, ಅವಳನ್ನು ವಿವಸ್ತ್ರಳಾಗಿ ಮರೆಯಿಂದ ನೋಡುವಂತೆ ಗೀಗೆಸ್ ಎಂಬ ಅಂಗರಕ್ಷಕನನ್ನು ಒತ್ತಾಯಿಸಿದನು. ಅದು ರಾಣಿಗೆ ತಿಳಿಯಿತು. ಅರಸನನ್ನು ಕೊಂದು ನೀನೇ ಪಟ್ಟವೇರು, ಇಲ್ಲವೇ ನೀನೇ ಸಾಯಿ ಎಂದು ಅವಳು ಗೀಗೆಸ್‌ನ ಮುಂದೆ ಎರಡು ದಾರಿಗಳನ್ನಿಟ್ಟಳು. ಗೀಗೆಸ್ ಅರಸನನ್ನು ಕೊಂದು ಸಿಂಹಾಸನವೇರಿದನು. ಗೀಗೆಸ್ ಐತಿಹಾಸಿಕ ವ್ಯಕ್ತಿ, ಕ್ರಿ.ಪೂ. ಏಳನೆಯ ಶತಮಾನದ ಅಸ್ಸಿರಿಯಾದ ದೊರೆ ಅಶುರ್‌ಬನಿಪಾಲನ ದಾಖಲೆಗಳಲ್ಲಿ ‘ಲುದ್ದಿಯ ಗುಗ್ಗು’ ಎಂದು ಅವನ ಹೆಸರಿದೆ. ಕಂದೌಲೆಸ್‌ನ ಹೆಸರು ಮಾತ್ರ ಗ್ರೀಕರ ಬಾಯಲ್ಲೇ ಉಳಿದುಕೊಂಡಿತು.

ಇನ್ನು ‘ನಾಯಿ’ ಎಲ್ಲಿಂದ ಬಂತು? ಕ್ರಿ.ಪೂ. ಆರನೆಯ ಶತಮಾನದಲ್ಲಿ ಎಫೆಸಸ್‌ನಲ್ಲಿದ್ದ ಹಿಪ್ಪೋನಾಕ್ಸ್ ಎಂಬ ಗ್ರೀಕ್ ಕವಿಯಿಂದ. ಸುಮಾರು ಹದಿನೇಳು ಶತಮಾನಗಳ ತರುವಾಯ ಬೈಜಾಂಟಿಯಮ್‌ನ ಟ್ಸೆಟ್ಸಿಸ್ ಎಂಬ ಪಂಡಿತ ಉದ್ಧರಿಸಿದ್ದರಿಂದ ಉಳಿದ ಅವನ ಪದ್ಯದ ತುಣುಕೊಂದರಲ್ಲಿ ಹರ್ಮಿಸ್ ದೇವರನ್ನು ಕರೆಯುವ ಸಂಬೋಧನೆಯಿದೆ. ಅಲ್ಲಿ ಹರ್ಮಿಸ್ ಎಂಬ ಹೆಸರು, ‘ನಾಯಿಯ ಕತ್ತು ಹಿಸುಕುವವನೇ’ ಎಂಬ ಗ್ರೀಕ್ ವಿಶೇಷಣ, ‘ಮಿಯೋನಿಯನ್ ಭಾಷೆಯಲ್ಲಿ ಕಂದೌಲೆಸ್’ ಎಂಬ ಮಾತು, ಕಳ್ಳರ ಗೆಳೆಯನೆಂಬ ಮತ್ತೊಂದು ವಿಶೇಷಣ, ಇವು ಒಂದರ ಹಿಂದೊಂದು ಬರುತ್ತವೆ. ಮಿಯೋನಿಯನ್ ಎಂಬುದು ಲಿಡಿಯನ್ನರಿಗೆ ಇದ್ದ ಹಳೆಯ ಹೆಸರು. ವಿದ್ವಾಂಸರು ಇದನ್ನು ನೋಡಿ, ‘ಕಂದೌಲೆಸ್’ ಎಂಬ ಲಿಡಿಯನ್ ಪದಕ್ಕೆ ಕವಿಯೇ ಗ್ರೀಕ್ ಅರ್ಥವನ್ನು ಕೊಟ್ಟಿದ್ದಾನೆಂದು ತಿಳಿದರು.

ಇಲ್ಲಿಯೇ ಒಂದು ಕ್ಷಣ ನಿಲ್ಲಬೇಕು. ಪದ್ಯಕ್ಕೆ ಅರ್ಥ ಹೇಳುವ ಮೊದಲು ಅನ್ವಯ ಮಾಡಿಕೊಳ್ಳಬೇಕೆಂಬುದು ಹಳಗನ್ನಡ ಪಾಠ ಮಾಡುವ ಪ್ರತಿಯೊಬ್ಬ ಶಿಕ್ಷಕನಿಗೂ ಗೊತ್ತು. ಯಾವ ವಿಶೇಷಣ ಯಾವ ವಿಶೇಷ್ಯಕ್ಕೆ ಸೇರುತ್ತದೆಂದು ನೋಡದೆ ಮುಂದುವರಿದರೆ ಪದ್ಯ ಒಂದು ಹೇಳುತ್ತದೆ, ಮಕ್ಕಳು ಇನ್ನೊಂದು ಬರೆಯುತ್ತಾರೆ. ಹಿಪ್ಪೋನಾಕ್ಸನ ಸಾಲಿಗೂ ಎರಡು ಬಗೆಯ ಅನ್ವಯ ಸಾಧ್ಯ. ‘ನಾಯಿಯ ಕತ್ತು ಹಿಸುಕುವವನು’ ಎಂಬುದಕ್ಕೆ ಮಿಯೋನಿಯನ್ ಭಾಷೆಯಲ್ಲಿ ಕಂದೌಲೆಸ್ ಎನ್ನುತ್ತಾರೆ ಎಂಬುದು ಒಂದು. ‘ಹರ್ಮಿಸ್’ ಎಂಬ ದೇವರಿಗೆ ಮಿಯೋನಿಯನ್ ಭಾಷೆಯಲ್ಲಿ ಕಂದೌಲೆಸ್ ಎನ್ನುತ್ತಾರೆ ಎಂಬುದು ಇನ್ನೊಂದು. ಎರಡನೆಯ ಅನ್ವಯವನ್ನು ಒಪ್ಪಿದರೆ ನಾಯಿಗೂ ಲಿಡಿಯನ್ ಪದಕ್ಕೂ ಸಂಬಂಧವೇ ಉಳಿಯುವುದಿಲ್ಲ. ಆಗ ನಾಯಿಯ ವಿಶೇಷಣಕ್ಕೆ ಬೇರೆ ಕಾರಣ ಹುಡುಕಬೇಕಾದೀತಲ್ಲ ಎಂದರೆ, ಅದು ಪದ್ಯದಲ್ಲಿಯೇ ಇದೆ. ಹರ್ಮಿಸ್ ಕಳ್ಳರ ದೇವರು. ಕನ್ನ ಹಾಕಲು ಹೋದ ಕಳ್ಳನಿಗೆ ಮೊದಲ ಶತ್ರು ಮನೆಕಾಯುವ ನಾಯಿ. ಅದರ ಬಾಯಿ ಮುಚ್ಚಿಸುವ ದೇವರಿಗಿಂತ ದೊಡ್ಡ ಗೆಳೆಯ ಅವನಿಗೆ ಇನ್ನಾರಿದ್ದಾರು! ಮೇಲಾಗಿ ಹಿಪ್ಪೋನಾಕ್ಸ್ ಗೇಲಿಗೆ, ಬೈಗುಳಕ್ಕೆ, ಬೀದಿಯ ಭಾಷೆಗೆ ಹೆಸರಾದ ಕವಿ. ಅವನ ಮಾತನ್ನು ನಿಘಂಟಿನ ಟಿಪ್ಪಣಿಯಂತೆ ಓದುವುದು ಎಷ್ಟು ಸರಿ?

ಆದರೂ ಭಾಷಾಶಾಸ್ತ್ರಜ್ಞರು ಮೊದಲನೆಯ ಅನ್ವಯವನ್ನೇ ಹಿಡಿದರು. ಸಂಸ್ಕೃತದ ‘ಶ್ವಾನ’ ಶಬ್ದದ ಬಂಧುವಾಗಿ ಲ್ಯಾಟಿನ್‌ನಲ್ಲಿ ‘ಕಾನಿಸ್’ ಇದೆ. ಆದುದರಿಂದ ‘ಕನ್’ ಎಂದರೆ ನಾಯಿ ಎಂದರು. ಉಳಿದ ‘ದೌ’ ಎಂಬ ಭಾಗಕ್ಕೆ, ಸ್ಲಾವಿಕ್ ಭಾಷೆಗಳಲ್ಲಿ ಒತ್ತು, ಹಿಸುಕು ಎಂಬರ್ಥದ ‘ದಾವಿತಿ’ ಎಂಬ ಕ್ರಿಯಾಪದವನ್ನು ತಂದು ಜೋಡಿಸಿದರು. ಯೂಲಿಯಸ್ ಪೊಕೊರ್ನಿ ಅವರ ಸುಪ್ರಸಿದ್ಧ ಇಂಡೋ-ಯೂರೋಪಿಯನ್ ನಿಘಂಟಿನಲ್ಲಿಯೂ ಇದಕ್ಕೆ ಸ್ಥಾನ ದೊರೆಯಿತು. ನಿಘಂಟಿಗೆ ಸೇರಿದ ಮೇಲೆ ಕೇಳುವುದೇನಿದೆ? ಊಹೆಗೆ ಉಪನಯನವಾದಂತೆ!

ಈ ವಿಧಾನದ ದೌರ್ಬಲ್ಯವನ್ನು ತೋರಿಸಲು ಲಿಡಿಯನ್ ಶಾಸನಗಳಿಂದಲೇ ಒಂದು ಪದವನ್ನು ತೆಗೆದುಕೊಳ್ಳುತ್ತೇನೆ. ಶಾಸನಗಳಲ್ಲಿ ‘ಕಾನ’ ಎಂಬ ಪದವಿದೆ. ಅದರ ಅರ್ಥ ನಾಯಿಯಲ್ಲ, ಹೆಂಡತಿ. ಸಂಸ್ಕೃತದ ‘ಜನಿ’, ಗ್ರೀಕಿನ ‘ಗುನೆ’ ಶಬ್ದಗಳ ಬಂಧು ಅದು. ಕೇವಲ ನಾದಸಾಮ್ಯವೇ ಪ್ರಮಾಣವೆನ್ನುವುದಾದರೆ, ಹೆಂಡತಿಯ ದೆಸೆಯಿಂದ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡ ಅರಸನಿಗೆ ಈ ‘ಕಾನ’ದಿಂದಲೇ ಹೆಸರು ಬಂತೆಂದು ಯಾರಾದರೂ ಹೇಳಬಹುದು. ಕಥೆಗೂ ಪದಕ್ಕೂ ಎಷ್ಟು ಚೆನ್ನಾಗಿ ಹೊಂದುತ್ತದೆ! ಆದರೆ ಅದು ನಿಜವೆಂದು ನಾನು ಹೇಳುವುದಿಲ್ಲ. ಚೆನ್ನಾಗಿ ಹೊಂದುವುದು ಬೇರೆ, ನಿಜವಾಗಿರುವುದು ಬೇರೆ ಎಂಬುದಷ್ಟೇ ನನ್ನ ಮಾತು. ಕನ್ನಡದಲ್ಲಿ ‘ಪಾಲು’ ಹಾಲಾಯಿತು, ‘ಪೂ’ ಹೂವಾಯಿತು, ‘ಪಲ್ಲಿ’ ಹಲ್ಲಿಯಾಯಿತು ಎಂದಾಗ ನಾವು ಅದನ್ನು ನಂಬುವುದು ಶಬ್ದಗಳು ಕೇಳಲು ಒಂದೇ ತೆರನಾಗಿವೆ ಎಂಬ ಕಾರಣಕ್ಕಲ್ಲ. ಪಕಾರ ಹಕಾರವಾಗುವ ನಿಯಮ ನೂರಾರು ಪದಗಳಲ್ಲಿ ತಪ್ಪದೆ ಕಾಣುತ್ತದೆ ಎಂಬ ಕಾರಣಕ್ಕೆ. ಅಂತಹ ನಿಯಮದ ಬಲ ‘ಕನ್’ ಎಂಬ ನಾಯಿಗೆ ಇಲ್ಲ.

ಹಾಗಾದರೆ ಸಾರ್ಡಿಸ್‌ನಲ್ಲಿ ಸಿಕ್ಕಿದ ಮಡಕೆಗಳ ಗತಿಯೇನು ಎಂದು ವಿಷಯ ಬಲ್ಲವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. 1958ರಿಂದ ಹಾರ್ವರ್ಡ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳು ಸಾರ್ಡಿಸ್‌ನಲ್ಲಿ ನಡೆಸಿದ ಉತ್ಖನನದಲ್ಲಿ ಕ್ರಿ.ಪೂ. ಆರನೆಯ ಶತಮಾನದ ವಿಚಿತ್ರವಾದ ನಿಕ್ಷೇಪಗಳು ದೊರೆತವು. ಒಂದು ಅಡುಗೆಯ ಪಾತ್ರೆ, ಒಂದು ಹೂಜಿ, ಒಂದು ಬಟ್ಟಲು, ಒಂದು ತಟ್ಟೆ, ಒಂದು ಕಬ್ಬಿಣದ ಚಾಕು. ಅಡುಗೆಯ ಪಾತ್ರೆಯೊಳಗೆ ಎಳೆಯ ನಾಯಿಮರಿಯ ಮೂಳೆಗಳು. ಇಂತಹವು ಇಪ್ಪತ್ತೈದಕ್ಕೂ ಹೆಚ್ಚು ಸಿಕ್ಕಿವೆ. ಕ್ರಾಫರ್ಡ್ ಗ್ರೀನ್‌ವಾಲ್ಟ್ ಅವರು 1978ರಲ್ಲಿ ಇವುಗಳ ಬಗ್ಗೆ ಒಂದು ಇಡೀ ಪುಸ್ತಕವನ್ನೇ ಪ್ರಕಟಿಸಿದರು. ಇವು ಯಾವುದೋ ದೇವತೆಗೆ ಇಟ್ಟ ಎಡೆ ಎಂಬುದರಲ್ಲಿ ಸಂದೇಹ ಕಡಿಮೆ. ಯಾವ ದೇವತೆಗೆ ಎಂಬ ಪ್ರಶ್ನೆ ಎದ್ದಾಗ ಹಿಪ್ಪೋನಾಕ್ಸನ ಕಂದೌಲೆಸ್ ನೆನಪಾಗುವುದು ಸಹಜವೇ ಆಗಿತ್ತು. ಆದರೆ ಆ ಮಡಕೆಗಳ ಮೇಲೆ ಕಂದೌಲೆಸ್ ಎಂದು ಯಾರೂ ಬರೆದಿಟ್ಟಿಲ್ಲ.

ಇಲ್ಲಿ ಏನಾಯಿತೆಂದು ಗಮನಿಸಿ. ಪದದ ಅರ್ಥವನ್ನು ನಂಬಿ ಮಡಕೆಗಳಿಗೆ ದೇವರ ಹೆಸರು ಕೊಡಲಾಯಿತು. ಆಮೇಲೆ ಅದೇ ಮಡಕೆಗಳನ್ನು ತೋರಿಸಿ, ನೋಡಿ, ಪದದ ಅರ್ಥ ಸಿದ್ಧವಾಯಿತು ಎನ್ನಲಾಯಿತು. ನಮ್ಮ ತರ್ಕಶಾಸ್ತ್ರದವರು ಇದನ್ನು ಅನ್ಯೋನ್ಯಾಶ್ರಯ ದೋಷವೆಂದು ಬಹಳ ಹಿಂದೆಯೇ ಹೆಸರಿಸಿದ್ದಾರೆ. ಇಬ್ಬರು ಸಾಕ್ಷಿಗಳಲ್ಲಿ ಪ್ರತಿಯೊಬ್ಬನೂ ಇನ್ನೊಬ್ಬನನ್ನು ಕೇಳಿ ಎಂದರೆ ಯಾವ ನ್ಯಾಯಾಧೀಶ ತಾನೆ ಒಪ್ಪಿಯಾನು? ನಾಯಿಮರಿಯ ಬಲಿ ಆ ಪ್ರದೇಶಕ್ಕೆ ಹೊಸದೇನೂ ಅಲ್ಲ. ಸ್ಪಾರ್ಟಾದವರು ಯುದ್ಧದೇವತೆಗೆ, ಲಿಡಿಯಾಕ್ಕೆ ಹತ್ತಿರದ ಕೊಲೊಫೋನ್ ನಗರದವರು ದಾರಿಯ ದೇವತೆಗೆ ನಾಯಿಮರಿಗಳನ್ನು ಅರ್ಪಿಸುತ್ತಿದ್ದರೆಂದು ಪೌಸಾನಿಯಸ್ ಬರೆದಿದ್ದಾನೆ. ಆ ದೇವತೆಗಳ ಹೆಸರಿನಲ್ಲಿ ನಾಯಿಯೂ ಇಲ್ಲ, ಕತ್ತು ಹಿಸುಕುವುದೂ ಇಲ್ಲ. ಇನ್ನು ‘ಕಂದೌಲೋಸ್’ ಎಂಬ ಲಿಡಿಯನ್ ಭಕ್ಷ್ಯವೊಂದನ್ನು ಗ್ರೀಕರು ಹೊಗಳಿದ್ದಾರೆ. ಅದು ನಾಯಿಮಾಂಸದ್ದಿರಬೇಕೆಂದು ಊಹಿಸಿದವರೂ ಇದ್ದಾರೆ. ಅಥೀನಿಯಸ್ ಎಂಬ ಲೇಖಕ ಉಳಿಸಿಕೊಟ್ಟಿರುವ ಪಾಕವಿಧಾನದಲ್ಲಿ ಬೇಯಿಸಿದ ಮಾಂಸ, ರೊಟ್ಟಿಯ ಪುಡಿ, ಫ್ರಿಜಿಯಾದ ಗಿಣ್ಣು, ಸೋಂಪಿನ ಜಾತಿಯ ಮಸಾಲೆ, ಕೊಬ್ಬಿನ ಸಾರು ಇವೆಯೇ ಹೊರತು ನಾಯಿಯ ಸುಳಿವಿಲ್ಲ.

ಬೇರೆ ಅರ್ಥವೇನಾದರೂ ಉಂಟೆ? ಉಂಟು. ಅದು ದೂರದ ಸ್ಲಾವಿಕ್ ನಾಡಿನಲ್ಲಲ್ಲ, ಪಕ್ಕದ ಮನೆಯಲ್ಲೇ ಇದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ವಿದ್ವಾಂಸರಿಗೂ ಅನ್ವಯಿಸುತ್ತದೆ. ಲಿಡಿಯನ್‌ಗೆ ಸೋದರಿಯಾದ ಲೂವಿಯನ್ ಭಾಷೆಯಲ್ಲಿ ‘ಹಂತವತಿ’ ಎಂದರೆ ಅರಸ. ಲಿಸಿಯನ್ ಭಾಷೆಯಲ್ಲಿ ಅದೇ ಪದ ‘ಖ್ಂತವತಿ’ ಎಂಬ ರೂಪದಲ್ಲಿದೆ. ಇದರ ಮೂಲದಲ್ಲಿರುವ ‘ಹಂತ್’ ಎಂಬುದಕ್ಕೆ ಮುಂಭಾಗ, ಹಣೆ ಎಂಬ ಅರ್ಥವಿದೆ. ಅಂದರೆ ಅರಸನೆಂದರೆ ಎಲ್ಲರ ಮುಂದೆ ಇರುವವನು. ‘ಮುಂದಾಳು’ ಎಂಬ ಪದವನ್ನು ದಿನವೂ ಬಳಸುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಕಂದೌಲೆಸ್ ಎಂಬುದು ಈ ಕುಟುಂಬದ ಪದವಾಗಿದ್ದು, ‘ಅರಸ’ ಎಂಬ ಬಿರುದಾಗಿರಬಹುದೆಂದು ಕೆಲವು ವಿದ್ವಾಂಸರು ಸೂಚಿಸಿದ್ದಾರೆ.

ಈ ಸೂಚನೆಗೆ ಪೋಷಕವಾದ ಎರಡು ಸಂಗತಿಗಳು ಹೆರೊಡೋಟಸನಲ್ಲಿಯೇ ಸಿಗುತ್ತವೆ. ಮಿರ್ಸೋಸ್ ಎಂಬುವನ ಮಗನಾದ ಕಂದೌಲೆಸ್‌ನನ್ನು ಗ್ರೀಕರು ‘ಮಿರ್ಸಿಲೋಸ್’ ಎಂದು ಕರೆಯುತ್ತಾರೆ ಎನ್ನುತ್ತಾನೆ ಅವನು. ಲಿಡಿಯನ್ ವ್ಯಾಕರಣದಲ್ಲಿ ‘ಇಂಥವನಿಗೆ ಸೇರಿದವನು’ ಎಂದು ಹೇಳಲು ‘ಲಿ’ ಎಂಬ ಪ್ರತ್ಯಯವನ್ನು ಹಚ್ಚುತ್ತಾರೆ. 1912ರ ದ್ವಿಭಾಷಾ ಶಾಸನದಲ್ಲಿ ಕುಮ್ಲಿಯ ಮಗ ಎಂದು ಹೇಳುವಾಗಲೂ ಇದೇ ಪ್ರತ್ಯಯವಿದೆ. ಹಾಗಾದರೆ ಮಿರ್ಸಿಲೋಸ್ ಎಂಬುದೇ ‘ಮಿರ್ಸೋಸನ ಮಗ’ ಎಂಬ ಅಚ್ಚ ಲಿಡಿಯನ್ ಹೆಸರಾಗಿ, ಕಂದೌಲೆಸ್ ಎಂಬುದು ಅವನ ಪದವಿಯನ್ನು ಹೇಳುವ ಮಾತಾಗಿರಬಹುದಲ್ಲವೆ? ಎರಡನೆಯದು, ಕ್ರಿ.ಪೂ. 480ರಲ್ಲಿ ಗ್ರೀಸಿನ ಮೇಲೆ ದಂಡೆತ್ತಿ ಹೋದ ಪರ್ಷಿಯನ್ ನೌಕಾಪಡೆಯಲ್ಲಿದ್ದ ಕಾರಿಯಾ ದೇಶದ ನಾಯಕರಲ್ಲಿ ಒಬ್ಬ ‘ಕಂದೌಲೆಸ್‌ನ ಮಗ’. ಕಾರಿಯಾ ಲಿಡಿಯಾದ ನೆರೆಯ ನಾಡು. ರಾಜಮನೆತನಗಳ ನಡುವೆ ‘ಅರಸ’ ಎಂಬ ಹೆಸರು ಹರಡುವುದು ಸಹಜ.

ಈ ಪಕ್ಷಕ್ಕೂ ಆಕ್ಷೇಪಗಳಿವೆ. ಅವನ್ನು ಮುಚ್ಚಿಡುವುದು ನ್ಯಾಯವಲ್ಲ. ‘ಹಂತ್’ ಎಂಬಲ್ಲಿರುವ ಪ್ರಾಚೀನ ಹಕಾರ ಲಿಡಿಯನ್‌ನಲ್ಲಿ ಲೋಪವಾಗುತ್ತದೆ, ಕಕಾರವಾಗುವುದಿಲ್ಲ ಎಂಬುದು ಬಹುಮಂದಿ ಭಾಷಾಶಾಸ್ತ್ರಜ್ಞರ ಮತ. ಆದುದರಿಂದ ಈ ಪದ ಕಾರಿಯನ್‌ನಂತಹ ನೆರೆಭಾಷೆಯಿಂದ ಎರವಲು ಬಂದಿತೆಂದು ಹೇಳಬೇಕಾಗುತ್ತದೆ. ಗೀಗೆಸ್‌ಗೆ ಕಾರಿಯಾದವರು ನೆರವಾದರೆಂದು ಪ್ಲುಟಾರ್ಕ್ ಹೇಳುವುದರಿಂದ ಎರಡು ನಾಡುಗಳ ಒಡನಾಟ ನಿಶ್ಚಿತ; ಆದರೆ ಒಡನಾಟವೊಂದೇ ಎರವಲಿಗೆ ಸಾಕ್ಷಿಯಲ್ಲ. ನಾಯಿಯ ಕತ್ತು ಹಿಸುಕುವವನೆಂದು ಯಾರು ತಾನೆ ಮಗನಿಗೆ ಹೆಸರಿಟ್ಟಾರು ಎಂಬ ವಾದವನ್ನೂ ನಾನು ಬಹಳ ಒತ್ತಿ ಹೇಳಲಾರೆ. ದೃಷ್ಟಿ ತಾಗದಿರಲೆಂದು ಮಕ್ಕಳಿಗೆ ತಿಪ್ಪಣ್ಣ, ತಿಪ್ಪಮ್ಮ ಎಂದು ಹೆಸರಿಡುವ ನಾಡಿನವರು ನಾವು.

ಎರಡನ್ನೂ ತೂಗಿ ನೋಡಿದಾಗ ‘ಅರಸ’ ಎಂಬ ಅರ್ಥದ ಕಡೆಗೆ ತಕ್ಕಡಿ ಸ್ವಲ್ಪ ವಾಲುತ್ತದೆ ಎಂಬುದು ನನ್ನ ಅಭಿಪ್ರಾಯ. ಒಂದು ಪದದ ಅರ್ಥವನ್ನು ಮೊದಲು ಅದರ ಒಡಹುಟ್ಟಿದ ಭಾಷೆಗಳಲ್ಲಿ ಕೇಳಬೇಕು, ಅಲ್ಲಿ ಸಿಗದಿದ್ದರೆ ಮಾತ್ರ ದೂರ ಹೋಗಬೇಕು ಎಂಬ ಸರಳ ಕ್ರಮವೇ ಇದಕ್ಕೆ ಕಾರಣ. ಆದರೆ ಅದನ್ನೂ ನಾನು ನಿಘಂಟಿನಲ್ಲಿ ಪ್ರಶ್ನಾರ್ಥಕ ಚಿಹ್ನೆಯೊಂದಿಗೇ ಬರೆಯುತ್ತೇನೆ.

ಇಷ್ಟು ದೂರದ ಜನರ ಒಂದು ಪದಕ್ಕೆ ಇಷ್ಟು ಚರ್ಚೆ ಏಕೆಂದು ಕೆಲವರಿಗೆ ಅನಿಸಬಹುದು. ಇದೇ ಪ್ರಶ್ನೆ ನಮ್ಮ ಮನೆಯ ಬಾಗಿಲಿಗೂ ಬಂದಿದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್ಸಿನ ಗ್ರೀಕ್ ಪ್ರಹಸನವೊಂದು 1903ರಲ್ಲಿ ಪ್ರಕಟವಾಯಿತು. ಭಾರತದ ಕಡಲತೀರದಲ್ಲಿ ನಡೆಯುವ ಅದರ ಕಥೆಯಲ್ಲಿ ಕೆಲವು ಪಾತ್ರಗಳು ಗ್ರೀಕರಿಗೆ ತಿಳಿಯದ ಭಾಷೆಯನ್ನಾಡುತ್ತವೆ. ಆ ಮಾತುಗಳು ಕನ್ನಡವಿರಬಹುದೆಂದು ಜರ್ಮನಿಯ ಹುಲ್ಷ್ ಅವರು 1904ರಲ್ಲಿ ಸೂಚಿಸಿದರು. ನಮ್ಮ ಆರ್. ಶಾಮಶಾಸ್ತ್ರಿಗಳು, ಮಂಜೇಶ್ವರದ ಗೋವಿಂದ ಪೈಗಳು ಅವುಗಳನ್ನು ಬಿಡಿಸಲು ಶ್ರಮಿಸಿದರು. ಒಪ್ಪದ ವಿದ್ವಾಂಸರೂ ಇದ್ದಾರೆ. ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ. ಹೀಗಿದ್ದರೂ ಎಷ್ಟೋ ಭಾಷಣಗಳಲ್ಲಿ, ಅಭಿನಂದನ ಗ್ರಂಥಗಳಲ್ಲಿ ಇದು ಕನ್ನಡದ ಪ್ರಾಚೀನತೆಗೆ ಸಿದ್ಧ ಪ್ರಮಾಣವೆಂದು ಸಾರಲಾಗುತ್ತದೆ. ಅಭಿಮಾನ ತಪ್ಪಲ್ಲ. ಆದರೆ ನಮಗೆ ಹಿತವಾದ ಅರ್ಥ ಎದುರಾದಾಗಲೇ ನಾವು ಹೆಚ್ಚು ಕಟ್ಟುನಿಟ್ಟಾಗಿರಬೇಕು. ಕನ್ನಡದ ಹಿರಿಮೆಗೆ ಹಲ್ಮಿಡಿಯ ಕಲ್ಲಿದೆ, ಕವಿರಾಜಮಾರ್ಗವಿದೆ. ಸಂಶಯಾಸ್ಪದವಾದ ಸಾಕ್ಷಿಯನ್ನು ಕಟಕಟೆಗೆ ಎಳೆತರುವ ಬಡತನ ನಮಗೆ ಬಂದಿಲ್ಲ.

ಲಿಡಿಯನ್ನರ ಸ್ಥಿತಿ ಹೀಗಲ್ಲ. ತಮ್ಮ ಮೇಲೆ ಹೊರಿಸಿದ ಅರ್ಥ ತಪ್ಪೆಂದು ಹೇಳಲು ಅವರಲ್ಲಿ ಒಬ್ಬರೂ ಉಳಿದಿಲ್ಲ. ಒಬ್ಬ ಗ್ರೀಕ್ ಕವಿಯ ಅರ್ಧ ಸಾಲಿನಿಂದ ಅವರ ದೇವರು ನಾಯಿ ಕೊಲ್ಲುವವನಾದ, ಅವರ ಅರಸನೂ ಅದೇ ಹೆಸರಿನವನಾದ, ಅವರ ಮೆಚ್ಚಿನ ಭಕ್ಷ್ಯವೂ ನಾಯಿಯದೆಂಬ ಸಂಶಯಕ್ಕೆ ಗುರಿಯಾಯಿತು. ಮಾತನಾಡುವವರೇ ಇಲ್ಲದ ಭಾಷೆಯ ವಿಷಯದಲ್ಲಿ ಅರ್ಥ ಹೇಳುವವನ ಹೊಣೆ ಇಮ್ಮಡಿಯಾಗುತ್ತದೆ. ಪರೀಕ್ಷೆಯಲ್ಲಿ ಗೊತ್ತಿಲ್ಲದ ಪ್ರಶ್ನೆಗೆ ಏನನ್ನಾದರೂ ಗೀಚಿ ಬಾ, ಅಂಕ ಸಿಕ್ಕರೂ ಸಿಗಬಹುದು ಎಂದು ಮಕ್ಕಳಿಗೆ ಹೇಳಿಕೊಡುವ ರೂಢಿ ನಮ್ಮಲ್ಲಿ ಬೇರೂರಿದೆ. ಆ ರೂಢಿ ಶಾಲೆಯನ್ನು ದಾಟಿ ಪಾಂಡಿತ್ಯದೊಳಕ್ಕೂ ನುಗ್ಗಿದರೆ, ಅದರ ಬೆಲೆ ತೆರುವವರು ಮಣ್ಣಿನಡಿಯಲ್ಲಿ ಮಲಗಿರುವ ಜನ. ಸಾರ್ಡಿಸ್‌ನ ನೆಲದಡಿಯಲ್ಲಿ ಇನ್ನೂ ಎಷ್ಟು ಕಲ್ಲುಗಳಿವೆಯೋ! ಅವುಗಳಲ್ಲಿ ಒಂದರ ಮೇಲೆ ಈ ಪದ ಲಿಡಿಯನ್ ಅಕ್ಷರಗಳಲ್ಲಿಯೇ ದೊರೆಯುವ ತನಕ, ‘ಕಂದೌಲೆಸ್: ಅರಸ (?)’ ಎಂದು ಬರೆದು ಕಾಯುವುದೇ ವಿವೇಕ.